‘ಡಬ್ಬಿಯೊಂದಕ್ಕೆ ಗಿನಿಯ ಬೆಲೆ’: ವಿಕ್ಟೋರಿಯಾ ಕಾಲದ ಜನ ಈ ಗುಳಿಗೆಗಳನ್ನು ನಂಬಿದ್ದಾದರೂ ಹೇಗೆ?

ಹಳೆಹಾಳೆ (ಚರ್ಚೆ ಆರಂಭಿಸಿದವರು)
ಇತ್ತೀಚೆಗೆ 1880–90ರ ದಶಕದ ಲಂಡನ್ ವಾರಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಓದುತ್ತಿದ್ದೇನೆ. ಸುದ್ದಿಗಿಂತ ಜಾಹೀರಾತಿನ ಪುಟಗಳೇ ನನ್ನನ್ನು ಹಿಡಿದು ಕೂರಿಸಿವೆ. ಬೀಚಮ್ ಗುಳಿಗೆಯ ಒಂದು ಜಾಹೀರಾತನ್ನು ನೋಡಿ: ಹೊಟ್ಟೆಯುಬ್ಬರ, ತಲೆನೋವು, ತಲೆಸುತ್ತು, ಊಟದ ನಂತರದ ಭಾರ, ಚಳಿ, ಮೈ ಬಿಸಿಯಾಗುವುದು, ಹಸಿವಿಲ್ಲದಿರುವುದು, ಏದುಸಿರು, ಮಲಬದ್ಧತೆ, ಚರ್ಮದ ಕಲೆ, ನಿದ್ದೆಗೇಡು, ಭಯಾನಕ ಕನಸು! ಇಷ್ಟಕ್ಕೂ ಒಂದೇ ಗುಳಿಗೆ. ಮೊದಲ ಸಲ ನುಂಗಿದರೆ ಇಪ್ಪತ್ತು ನಿಮಿಷದಲ್ಲಿ ಆರಾಮವಂತೆ. ‘ಡಬ್ಬಿಯೊಂದಕ್ಕೆ ಗಿನಿಯ ಬೆಲೆ’ ಎಂಬುದು ಅದರ ಘೋಷವಾಕ್ಯ. ಗಿನಿ ಎಂದರೆ 21 ಶಿಲಿಂಗ್, ಶಿಲಿಂಗ್ ಎಂದರೆ 12 ಪೆನ್ನಿ; ಡಬ್ಬಿಯನ್ನು ಮಾರುತ್ತಿದ್ದುದು 1 ಶಿಲಿಂಗ್ ಒಂದೂವರೆ ಪೆನ್ನಿಗೆ.

ರೈಲು, ತಂತಿ, ಉಗಿಹಡಗು ಎಲ್ಲವೂ ಇದ್ದ ದೇಶ. ಲಿಸ್ಟರ್ ಶಸ್ತ್ರಚಿಕಿತ್ಸೆಯ ಗಾಯ ಕೊಳೆಯದಂತೆ ನೋಡಿಕೊಳ್ಳುವ ಬಗೆಯನ್ನು ಕಂಡುಕೊಂಡದ್ದು ಇದೇ ಕಾಲದಲ್ಲಿ. ಅಂಥ ಕಡೆ ಓದು ಬರಹ ಬಲ್ಲವರೂ ಇದನ್ನು ನಂಬಿ ದುಡ್ಡು ಕೊಟ್ಟರಲ್ಲ, ಏಕೆ? ಸರ್ಕಾರ ಏನು ಮಾಡುತ್ತಿತ್ತು? ಬಲ್ಲವರು ಬರೆಯಿರಿ.

ಮಾತ್ರೆ ಅಂಗಡಿ
ಹುಬ್ಬಳ್ಳಿಯಲ್ಲಿ ಔಷಧ ಅಂಗಡಿ ನಡೆಸುವವನು ನಾನು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಗುಳಿಗೆಯ ಒಳಗೇ ಇದೆ. 1909ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘ ಇಂಥ ಗುಟ್ಟಿನ ಔಷಧಗಳನ್ನೆಲ್ಲ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಪುಸ್ತಕವನ್ನೇ ಪ್ರಕಟಿಸಿತು. ಬೀಚಮ್ ಗುಳಿಗೆಯಲ್ಲಿ ಸಿಕ್ಕಿದ್ದು ಮೂರೇ ವಸ್ತು: ಲೋಳೆಸರದ ಗಟ್ಟಿ ರಸ, ಶುಂಠಿ ಪುಡಿ, ಸಾಬೂನಿನ ಪುಡಿ. ಲೋಳೆಸರದ ಆ ಕಹಿ ರಸ ಬಲವಾದ ಭೇದಿ ಔಷಧ. ಶುಂಠಿ ಹೊಟ್ಟೆ ನುಲಿಯುವುದನ್ನು ತಗ್ಗಿಸುತ್ತದೆ. ಸಾಬೂನು ಉಂಡೆ ಕಟ್ಟಲು.

ಅಂದರೆ ಗುಳಿಗೆ ‘ಕೆಲಸ’ ಮಾಡುತ್ತಿತ್ತು. ಬ್ರೆಡ್ಡು, ಆಲೂಗಡ್ಡೆ, ಚಹಾ ಇಷ್ಟರಲ್ಲೇ ದಿನ ದೂಡುತ್ತಿದ್ದ ಕಾರ್ಮಿಕನಿಗೆ ಮಲಬದ್ಧತೆ ನಿಜವಾದ ತೊಂದರೆ. ರಾತ್ರಿ ನುಂಗಿದ, ಬೆಳಿಗ್ಗೆ ಹೊಟ್ಟೆ ಖಾಲಿಯಾಯಿತು, ಮೈ ಹಗುರವಾಯಿತು. ಒಂದು ಮಾತು ನಿಜವಾಗಿದ್ದನ್ನು ಕಂಡವನು ಜಾಹೀರಾತಿನ ಉಳಿದ ಹತ್ತು ಮಾತುಗಳನ್ನೂ ನಂಬಿದ. ಇದರಲ್ಲಿ ದಡ್ಡತನವೇನೂ ಇಲ್ಲ.

ಬೆಲೆಯ ವಿಷಯ ಮಾತ್ರ ಹೊಟ್ಟೆ ಉರಿಸುತ್ತದೆ. 56 ಗುಳಿಗೆಯ ಡಬ್ಬಿಯ ಕಚ್ಚಾವಸ್ತುಗಳಿಗೆ ತಗಲುತ್ತಿದ್ದುದು ಸುಮಾರು ಅರ್ಧ ಫಾರ್ದಿಂಗ್. ಫಾರ್ದಿಂಗ್ ಎಂದರೆ ಪೆನ್ನಿಯ ಕಾಲು ಭಾಗ. ಲೆಕ್ಕ ಹಾಕಿದರೆ ಮಾರುವ ಬೆಲೆ ಅದರ 108 ಪಟ್ಟು.

ಸಹ್ಯಾದ್ರಿ
1 ಶಿಲಿಂಗ್ ಒಂದೂವರೆ ಪೆನ್ನಿ? ಆ ಒಂದೂವರೆ ಪೆನ್ನಿ ಎಲ್ಲಿಂದ ಬಂತು?

ಚೀಟಿಸಂಗ್ರಹ
ಈ ಪ್ರಶ್ನೆಗೆ ನಾನೇ ಉತ್ತರಿಸಬೇಕು, ಹಳೆಯ ಕಂದಾಯದ ಚೀಟಿಗಳನ್ನು ಸಂಗ್ರಹಿಸುವುದು ನನ್ನ ಹವ್ಯಾಸ.

ಆ ಒಂದೂವರೆ ಪೆನ್ನಿ ತೆರಿಗೆ. 1783ರಿಂದಲೇ ಬ್ರಿಟನ್ನಿನಲ್ಲಿ ಸಿದ್ಧ ಔಷಧಗಳ ಮೇಲೆ ಸ್ಟಾಂಪ್ ಸುಂಕವಿತ್ತು. ಒಂದು ಶಿಲಿಂಗ್‌ವರೆಗಿನ ಸರಕಿಗೆ ಒಂದೂವರೆ ಪೆನ್ನಿ, ಎರಡೂವರೆ ಶಿಲಿಂಗ್‌ವರೆಗಿನದಕ್ಕೆ 3 ಪೆನ್ನಿ, ಹೀಗೆ ಏರುತ್ತಾ ಹೋಗುತ್ತದೆ. ಆದ್ದರಿಂದಲೇ ಆ ಕಾಲದ ಜಾಹೀರಾತುಗಳಲ್ಲಿ ಬೆಲೆ ಯಾವಾಗಲೂ 1 ಶಿಲಿಂಗ್ ಒಂದೂವರೆ ಪೆನ್ನಿ, 2 ಶಿಲಿಂಗ್ 9 ಪೆನ್ನಿ ಎಂದೇ ಇರುತ್ತದೆ.

ಆ ಚೀಟಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಉದ್ದನೆಯ ತೆಳು ಕಾಗದದ ಪಟ್ಟಿ, ನಯವಾದ ಕೆತ್ತನೆಯ ಮುದ್ರಣ. ಡಬ್ಬಿಯ ಮುಚ್ಚಳಕ್ಕೂ ಮೈಗೂ ಸೇರಿಸಿ ಅಂಟಿಸುತ್ತಿದ್ದರು. ಚೀಟಿ ಹರಿಯದೆ ಡಬ್ಬಿ ತೆರೆಯುವಂತಿಲ್ಲ. ದೊಡ್ಡ ತಯಾರಕರು ಹೆಚ್ಚಿನ ಹಣ ಕಟ್ಟಿ ತಮ್ಮ ಹೆಸರನ್ನೇ ಸರ್ಕಾರಿ ಚೀಟಿಯೊಳಗೆ ಅಚ್ಚು ಹಾಕಿಸುತ್ತಿದ್ದರು. ಕೊಳ್ಳುವವನಿಗೆ ಕಾಣುವುದೇನು? ಸರ್ಕಾರದ ಮುದ್ರೆ, ಅದರೊಳಗೆ ಔಷಧದವನ ಹೆಸರು. ಸರ್ಕಾರವೇ ಪರೀಕ್ಷಿಸಿ ಒಪ್ಪಿದೆ ಎಂದುಕೊಳ್ಳದೆ ಇನ್ನೇನು ಎಂದುಕೊಳ್ಳಬೇಕು? ಇದು ಸರ್ಕಾರದ ಖಾತರಿಯಲ್ಲ ಎಂಬ ಒಂದು ಸಾಲನ್ನು ಮುಂದೆ ಚೀಟಿಯ ಮೇಲೆ ಸೇರಿಸಿದರು, ಓದಿದವರು ಯಾರು! 20ನೇ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಈ ಸುಂಕದಿಂದಲೇ ಖಜಾನೆಗೆ ವರ್ಷಕ್ಕೆ 3 ಲಕ್ಷ ಪೌಂಡಿಗೂ ಹೆಚ್ಚು ಬರುತ್ತಿತ್ತು. ಸರ್ಕಾರ ಏನು ಮಾಡುತ್ತಿತ್ತು ಎಂದು ಕೇಳಿದಿರಲ್ಲ, ಪಾಲು ಪಡೆಯುತ್ತಿತ್ತು.

ಹಳೆಹಾಳೆ
ಅದ್ಭುತ ಮಾಹಿತಿ, ಚೀಟಿಸಂಗ್ರಹ ಅವರೇ. ಜಾಹೀರಾತುಗಳಲ್ಲಿ ‘ಸರ್ಕಾರಿ ಸ್ಟಾಂಪ್ ಇಲ್ಲದ್ದನ್ನು ಕೊಳ್ಳಬೇಡಿ, ಅದು ನಕಲಿ’ ಎಂಬ ಎಚ್ಚರಿಕೆ ಪದೇ ಪದೇ ಬರುತ್ತದೆ. ಅದರ ಅರ್ಥ ಈಗ ತಿಳಿಯಿತು.

ಗಣಕಯ್ಯ
‘ಪೇಟೆಂಟ್ ಔಷಧ’ ಎಂದರೆ ಸರ್ಕಾರ ಪೇಟೆಂಟ್ ಕೊಟ್ಟ ಔಷಧ ತಾನೆ? ಹಾಗಿದ್ದರೆ ಒಳಗೇನಿದೆ ಎಂದು ಸರ್ಕಾರಕ್ಕೆ ಗೊತ್ತಿರಲೇಬೇಕಲ್ಲ?

ಮಾತ್ರೆ ಅಂಗಡಿ
ಇಲ್ಲ ಸರ್. ಇವುಗಳಲ್ಲಿ ಬಹುಪಾಲಿಗೆ ಪೇಟೆಂಟೇ ಇರಲಿಲ್ಲ. ಪೇಟೆಂಟ್ ಬೇಕೆಂದರೆ ತಯಾರಿಕೆಯ ವಿವರವನ್ನು ಬಹಿರಂಗಪಡಿಸಬೇಕು, ಅವಧಿ ಮುಗಿದ ಮೇಲೆ ಯಾರು ಬೇಕಾದರೂ ತಯಾರಿಸಬಹುದು. ಸಾಬೂನು, ಶುಂಠಿ ಎಂದು ಬರೆದುಕೊಟ್ಟರೆ ವ್ಯಾಪಾರ ಉಳಿಯುತ್ತದೆಯೇ? ಅವರು ಕಾಪಾಡಿಕೊಂಡದ್ದು ಹೆಸರನ್ನು, ಲೇಬಲ್ಲನ್ನು ಮತ್ತು ಗುಟ್ಟನ್ನು.

ಕಪ್ಪುಕೋಟು
ಕಾನೂನು ಓದಿದವರು ಯಾರೂ ಈ ಚರ್ಚೆಯಲ್ಲಿ ಕಾರ್ಬಾಲಿಕ್ ಸ್ಮೋಕ್ ಬಾಲ್ ಎತ್ತದಿರುವುದು ಆಶ್ಚರ್ಯ! ಧಾರವಾಡದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಒಪ್ಪಂದ ಕಾಯ್ದೆಯ ಪಾಠ ಈ ಪ್ರಕರಣವಿಲ್ಲದೆ ಮುಗಿಯುವುದಿಲ್ಲ.

1889–90ರಲ್ಲಿ ಯುರೋಪಿನಾದ್ಯಂತ ಇನ್‌ಫ್ಲುಯೆಂಜಾ ಹಬ್ಬಿ, ಆಮೇಲೂ ಮರುಕಳಿಸುತ್ತಿತ್ತು. ಫ್ರೆಡರಿಕ್ ರೋ ಎಂಬಾತನ ಕಂಪನಿ ಒಂದು ರಬ್ಬರ್ ಚೆಂಡನ್ನು ಮಾರುತ್ತಿತ್ತು. ಒಳಗೆ ಕಾರ್ಬಾಲಿಕ್ ಆಮ್ಲ ಬೆರೆಸಿದ ಪುಡಿ, ಮೇಲೊಂದು ಕೊಳವೆ. ಕೊಳವೆಯನ್ನು ಮೂಗಿಗೆ ಇಟ್ಟುಕೊಂಡು ಚೆಂಡನ್ನು ಒತ್ತಿದರೆ ಹೊಗೆಯಂತೆ ಪುಡಿ ಏರಿ ಮೂಗು ಕಣ್ಣು ಸುರಿಯುತ್ತವೆ. ಬೆಲೆ 10 ಶಿಲಿಂಗ್. 1891ರ ನವೆಂಬರ್ 13ರಂದು ‘ಪಾಲ್ ಮಾಲ್ ಗೆಜೆಟ್’ನಲ್ಲಿ ಜಾಹೀರಾತು ಬಂತು: ದಿನಕ್ಕೆ ಮೂರು ಸಲದಂತೆ ಎರಡು ವಾರ ಬಳಸಿದ ಮೇಲೂ ಇನ್‌ಫ್ಲುಯೆಂಜಾ ಬಂದವರಿಗೆ 100 ಪೌಂಡ್ ಬಹುಮಾನ, ನಮ್ಮ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ರೀಜೆಂಟ್ ಸ್ಟ್ರೀಟಿನ ಅಲಯನ್ಸ್ ಬ್ಯಾಂಕಿನಲ್ಲಿ 1,000 ಪೌಂಡ್ ಠೇವಣಿ ಇಟ್ಟಿದ್ದೇವೆ.

ಲೂಯಿಸಾ ಕಾರ್ಲಿಲ್ ಎಂಬ ಮಹಿಳೆ ನವೆಂಬರ್ 20ರಂದು ಚೆಂಡು ಕೊಂಡು ಹೇಳಿದಂತೆಯೇ ಬಳಸಿದರು. ಜನವರಿ 17ಕ್ಕೆ ಇನ್‌ಫ್ಲುಯೆಂಜಾ ಬಂತು. ಆಕೆಯ ಪತಿ ವಕೀಲರು, ಕಂಪನಿಗೆ ಪತ್ರ ಬರೆದರು. ಮೊದಲೆರಡು ಪತ್ರಕ್ಕೆ ಸುದ್ದಿಯೇ ಇಲ್ಲ. ಆಮೇಲೆ ಬಂದ ಉತ್ತರ ಏನು ಗೊತ್ತೇ? ಮೋಸ ತಡೆಯಲು ನಮಗೆ ಖಾತ್ರಿ ಬೇಕು, ಆಕೆ ದಿನವೂ ನಮ್ಮ ಕಚೇರಿಗೆ ಬಂದು ಕಾರ್ಯದರ್ಶಿಯ ಕಣ್ಣೆದುರು ಚೆಂಡು ಬಳಸಬೇಕು ಎಂದು!

1892ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರೂ ನ್ಯಾಯಾಧೀಶರು ಆಕೆಯ ಪರ ತೀರ್ಪು ಕೊಟ್ಟರು. ‘ಇದು ಜಾಹೀರಾತಿನ ಬರೀ ಉತ್ಪ್ರೇಕ್ಷೆ, ಕರಾರಲ್ಲ’ ಎಂದು ಕಂಪನಿ ವಾದಿಸಿತ್ತು. ಬರೀ ಉತ್ಪ್ರೇಕ್ಷೆಯಾದರೆ ಬ್ಯಾಂಕಿನಲ್ಲಿ ಠೇವಣಿ ಏಕೆ ಇಟ್ಟಿರಿ ಎಂಬಲ್ಲಿಗೆ ಆ ವಾದ ಬಿದ್ದುಹೋಯಿತು. ಇಡೀ ಜಗತ್ತಿಗೆ ಮುಂದಿಟ್ಟ ಪ್ರಸ್ತಾಪವದು, ಷರತ್ತನ್ನು ಪೂರೈಸಿದ್ದೇ ಒಪ್ಪಿಗೆ. ನಮ್ಮ 1872ರ ಒಪ್ಪಂದ ಕಾಯ್ದೆಯ 8ನೇ ಕಲಮನ್ನು ವಿವರಿಸುವಾಗ ಇಂದಿಗೂ ಇದೇ ಉದಾಹರಣೆ.

ಸಹ್ಯಾದ್ರಿ
ಕಂಪನಿ ಮುಚ್ಚಿತೇ?

ಕಪ್ಪುಕೋಟು
ಎಲ್ಲಿಯ ಮುಚ್ಚುವುದು! 1893ರ ಫೆಬ್ರವರಿಯಲ್ಲಿ ಹೊಸ ಜಾಹೀರಾತು ಹಾಕಿದರು. ಸಾವಿರಾರು ಚೆಂಡುಗಳು ಮಾರಾಟವಾದರೂ 100 ಪೌಂಡ್ ಕೇಳಿ ಬಂದವರು ಮೂವರೇ, ನಮ್ಮ ಔಷಧದ ಶಕ್ತಿಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಬರೆದು, ಬಹುಮಾನವನ್ನು 200 ಪೌಂಡಿಗೆ ಏರಿಸಿದರು. ಈ ಸಲ ಷರತ್ತುಗಳನ್ನು ಬಿಗಿಯಾಗಿ ಹೆಣೆದಿದ್ದರು. ಲೂಯಿಸಾ ಕಾರ್ಲಿಲ್ 96 ವರ್ಷ ಬದುಕಿ 1942ರಲ್ಲಿ ತೀರಿಕೊಂಡರು.

ನಾಡಿ
ವೈದ್ಯನಾಗಿ ಒಂದು ಮಾತು ಹೇಳಲೇಬೇಕು, ನನ್ನ ವೃತ್ತಿಯವರಿಗೆ ಹಿತವಾಗದಿದ್ದರೂ ಸರಿ. ಇಲ್ಲಿ ಎಲ್ಲರೂ ಗುಳಿಗೆ ಮಾರಿದವರನ್ನು ಬೈಯುತ್ತಿದ್ದೀರಿ. ಆ ಕಾಲದ ಪದವೀಧರ ವೈದ್ಯರು ಏನು ಕೊಡುತ್ತಿದ್ದರು ಎಂದು ಯಾರೂ ಕೇಳುತ್ತಿಲ್ಲ. 19ನೇ ಶತಮಾನದ ಮೊದಲರ್ಧದಲ್ಲಿ ಜ್ವರವೆಂದರೆ ರಕ್ತ ತೆಗೆಯುವುದು, ಜಿಗಣೆ ಹಚ್ಚುವುದು, ಪಾದರಸದ ಕ್ಯಾಲೊಮೆಲ್ ಕೊಡುವುದು. ಒಸಡು ಊದಿಕೊಂಡು ಬಾಯಲ್ಲಿ ಜೊಲ್ಲು ಸುರಿಯುವವರೆಗೂ ಪಾದರಸ ಕೊಡುತ್ತಿದ್ದರು. ಆ ಮೇಲೆ ಶುಲ್ಕ ಬೇರೆ. ಬಡವ ಒಂದೂವರೆ ಶಿಲಿಂಗಿನ ಒಳಗೆ ಸಿಗುವ ಗುಳಿಗೆಗೆ ಹೋದನೆಂದರೆ ಅವನ ಲೆಕ್ಕ ಸರಿಯಾಗಿಯೇ ಇತ್ತು.

ಜೇಮ್ಸ್ ಮಾರಿಸನ್ ಬೆಳೆದದ್ದು ಈ ಬಿರುಕಿನಲ್ಲೇ. 1825ರಲ್ಲಿ ‘ಸಾರ್ವತ್ರಿಕ ಸಸ್ಯಗುಳಿಗೆ’ ತಂದ. ವೈದ್ಯರು ಖನಿಜ ವಿಷ ಕೊಡುತ್ತಾರೆ, ನಾನು ಗಿಡಮೂಲಿಕೆ ಕೊಡುತ್ತೇನೆ ಎಂಬುದು ಅವನ ಪ್ರಚಾರ. ಲಂಡನ್ನಿನಲ್ಲಿ ‘ಬ್ರಿಟಿಷ್ ಆರೋಗ್ಯ ಕಾಲೇಜು’ ಎಂಬ ಹೆಸರಿನ ಕಟ್ಟಡವನ್ನೇ ಎಬ್ಬಿಸಿದ. ಅದು ಕಾಲೇಜಲ್ಲ, ಗುಳಿಗೆಯ ಕೇಂದ್ರ.

ಮಾತ್ರೆ ಅಂಗಡಿ
ವೈದ್ಯರೇ, ಮಾರಿಸನ್ನನ ಕಥೆಯ ಉಳಿದರ್ಧವನ್ನೂ ಹೇಳಿ. ಆ ‘ಗಿಡಮೂಲಿಕೆ’ಯಲ್ಲಿ ಲೋಳೆಸರದ ರಸದ ಜೊತೆ ಗ್ಯಾಂಬೋಜ್ ಅಂಟೂ ಇತ್ತು. ಅದು ಕರುಳನ್ನು ಕಿತ್ತು ಬರುವಂಥ ಭೇದಿ ಮಾಡಿಸುತ್ತದೆ. ಗುಣವಾಗದಿದ್ದರೆ ಇನ್ನೂ ಹೆಚ್ಚು ನುಂಗಿ ಎಂಬುದೇ ಅವನ ಸೂಚನೆ. ರೋಗಿಗಳು ಸತ್ತರು. 1836ರಲ್ಲಿ ಲಂಡನ್ನಿನ ಮಾರಾಟಗಾರ ರಾಬರ್ಟ್ ಸಾಲ್ಮನ್ ಮೇಲೆ ನರಹತ್ಯೆಯ ಆರೋಪ ಸಾಬೀತಾಯಿತು. ಶಿಕ್ಷೆ? 200 ಪೌಂಡ್ ದಂಡ. ಗುಳಿಗೆ ಮಾರಾಟ ನಿಲ್ಲಲಿಲ್ಲ. ವೈದ್ಯರ ತಪ್ಪು ಇವನ ತಪ್ಪನ್ನು ಅಳಿಸುವುದಿಲ್ಲ.

ನಾಡಿ
ಅಳಿಸುತ್ತದೆ ಎಂದು ನಾನು ಹೇಳಿಲ್ಲ. ಜನ ಏಕೆ ಹೋದರು ಎಂಬುದು ಪ್ರಶ್ನೆ, ಅದಕ್ಕೆ ಉತ್ತರಿಸಿದೆ. 1858ರ ವೈದ್ಯಕೀಯ ಕಾಯ್ದೆ ಅರ್ಹ ವೈದ್ಯರ ಪಟ್ಟಿ ಮಾಡಿತು ಅಷ್ಟೇ. ಅನರ್ಹರು ಚಿಕಿತ್ಸೆ ಕೊಡುವುದನ್ನು ನಿಷೇಧಿಸಲಿಲ್ಲ.

ತೊಟ್ಟಿಲು
ಮಲಬದ್ಧತೆಯ ಗುಳಿಗೆಯನ್ನೇ ಹಿಡಿದುಕೊಂಡು ಕೂತಿದ್ದೀರಿ ಎಲ್ಲರೂ. ಮಕ್ಕಳಿಗೆ ಕೊಟ್ಟದ್ದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಾನು ಮಕ್ಕಳ ವಾರ್ಡಿನಲ್ಲಿ ದಾದಿ, ಈ ವಿಷಯ ಓದುವಾಗ ಕೈ ನಡುಗುತ್ತದೆ.

‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂದರೆ ಕಾಕಂಬಿಯ ಸಿಹಿ ಪಾಕದಲ್ಲಿ ಅಫೀಮು. ಅಳುವ ಕೂಸಿಗೆ ಒಂದು ಚಮಚ. ಮ್ಯಾಂಚೆಸ್ಟರ್, ನಾಟಿಂಗ್‌ಹ್ಯಾಮ್ ಕಡೆಯ ಕಾರ್ಖಾನೆ ಊರುಗಳಲ್ಲಿ ಇದು ಮನೆಮನೆಯ ಮಾತು. ಅಮೆರಿಕದ ಮೇಯ್ನ್ ರಾಜ್ಯದ ಬ್ಯಾಂಗೋರ್‌ನಿಂದ 1849ರಲ್ಲಿ ಹೊರಟ ‘ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್’ನಲ್ಲಿ ಔನ್ಸಿಗೆ ಸುಮಾರು 65 ಮಿಲಿಗ್ರಾಂ ಮಾರ್ಫೀನ್, ಅಂದರೆ ಅಫೀಮಿನ ಸತ್ವ! ಹಲ್ಲು ಬರುವ ಮಗುವಿಗೆ! ಜಾಹೀರಾತಿನ ಚಿತ್ರಗಳಲ್ಲಿ ಗುಂಡಗುಂಡನೆಯ ಮಕ್ಕಳು, ನಗುವ ತಾಯಿ. ಮಗು ಶಾಂತವಾಗಿ ಮಲಗುತ್ತದೆ ಎಂದು ಬರೆದಿರುತ್ತಿದ್ದರು. ಅಫೀಮು ಕುಡಿದ ಕೂಸಿಗೆ ಹಸಿವು ಗೊತ್ತಾಗುವುದಿಲ್ಲ, ಅಳುವುದಿಲ್ಲ, ಹಾಲು ಕುಡಿಯುವುದಿಲ್ಲ. ಎಷ್ಟೋ ಮಕ್ಕಳು ಒಂದೇ ಸಲ ವಿಷವೇರಿ ಸತ್ತದ್ದಲ್ಲ, ದಿನದಿನಕ್ಕೆ ಸೊರಗಿ ಸತ್ತದ್ದು. ಸಾವಿನ ಪತ್ರದಲ್ಲಿ ಔಷಧದ ಹೆಸರು ಬರುವುದೇ ಇಲ್ಲ. 1911ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಈ ಸಿರಪ್ಪನ್ನು ಶಿಶುಘಾತಕಗಳ ಸಾಲಿಗೆ ಸೇರಿಸಿತು. ಅದು ಆಮೇಲೂ ಮಾರಾಟವಾಗುತ್ತಿತ್ತು.

ಗಣಕಯ್ಯ
ತಾಯಂದಿರಾದರೂ ಯೋಚಿಸಬೇಕಿತ್ತು. ಸ್ವಂತ ಮಗುವಿಗೆ ಏನು ಕೊಡುತ್ತಿದ್ದೇವೆ ಎಂಬ ಪರಿವೆ ಬೇಡವೇ?

ತೊಟ್ಟಿಲು
ಸ್ವಾಮಿ, ಏನು ಕೊಡುತ್ತಿದ್ದೇವೆ ಎಂದು ತಿಳಿಯುವುದು ಹೇಗೆ? ಬಾಟಲಿಯ ಮೇಲೆ ಅಫೀಮು ಎಂದು ಬರೆದಿರಲಿಲ್ಲ! ಬೆಳಗಿನ ಜಾವ ಗಿರಣಿಗೆ ಹೋಗಿ ಕತ್ತಲಾದ ಮೇಲೆ ಬರುವ ಹೆಂಗಸು ಕೂಸನ್ನು ನೆರೆಮನೆಯ ಮುದುಕಿಯ ಬಳಿ ಬಿಟ್ಟು ಹೋಗುತ್ತಾಳೆ. ಆ ಮುದುಕಿಯ ಬಳಿ ಇಂಥ ನಾಲ್ಕೈದು ಕೂಸುಗಳು. ಗಿರಣಿ ಬಿಟ್ಟರೆ ಊಟವಿಲ್ಲ. ಪತ್ರಿಕೆಯಲ್ಲಿ ‘ತಾಯಂದಿರೇ, ನಿರಪಾಯಕಾರಿ’ ಎಂದು ಅಚ್ಚಾಗಿದೆ. ಆ ತಾಯಿಯನ್ನು ಕಟಕಟೆಗೆ ಏರಿಸುವ ಮೊದಲು ಅದನ್ನು ಅಚ್ಚು ಹಾಕಿದವನನ್ನು ಏರಿಸಿ.

ಸಹ್ಯಾದ್ರಿ
ತೊಟ್ಟಿಲು ಅವರ ಮಾತಿಗೆ ನನ್ನ ಪೂರ್ಣ ಸಹಮತ.

ಕಪ್ಪುಕೋಟು
ಇಲ್ಲಿ ಕಾನೂನಿನ ತೂತು ಎಷ್ಟು ದೊಡ್ಡದಿತ್ತು ನೋಡಿ. 1868ರ ಫಾರ್ಮಸಿ ಕಾಯ್ದೆ ಅಫೀಮನ್ನು ವಿಷಗಳ ಪಟ್ಟಿಗೆ ಸೇರಿಸಿ, ಅರ್ಹ ಔಷಧ ವ್ಯಾಪಾರಿಯೇ ‘ವಿಷ’ ಎಂಬ ಚೀಟಿ ಅಂಟಿಸಿ ಮಾರಬೇಕು ಎಂದಿತು. ಆದರೆ ಪೇಟೆಂಟ್ ಔಷಧಗಳನ್ನು ಹೊರಗಿಟ್ಟಿತು! ಬಿಡಿ ಅಫೀಮು ಕೊಂಡರೆ ವಿಷ, ಅದೇ ಅಫೀಮು ಸಿಹಿಪಾಕದಲ್ಲಿ ಸ್ಟಾಂಪ್ ಹಚ್ಚಿಕೊಂಡು ಬಂದರೆ ಔಷಧ.

ಚೀಟಿಸಂಗ್ರಹ
ಈ ವಿನಾಯಿತಿಯ ನೆರಳಲ್ಲೇ ಬೆಳೆದದ್ದು ಕ್ಲೋರೊಡೈನ್. ಇದಕ್ಕೆ ಭಾರತದ ನಂಟಿದೆ. ಇಲ್ಲಿನ ಬ್ರಿಟಿಷ್ ಸೈನ್ಯದಲ್ಲಿದ್ದ ವೈದ್ಯ ಜಾನ್ ಕಾಲಿಸ್ ಬ್ರೌನ್ 1848ರಲ್ಲಿ ಕಾಲರಾಕ್ಕೆಂದು ಇದನ್ನು ಕೂಡಿಸಿದ. ಮಾರ್ಫೀನ್, ಗಾಂಜಾ, ಕ್ಲೋರೊಫಾರ್ಮ್ ಮೂರೂ ಒಂದೇ ಬಾಟಲಿಯಲ್ಲಿ. ಭೇದಿಯನ್ನು ಅದು ನಿಲ್ಲಿಸುತ್ತಿತ್ತು, ಅಫೀಮಿನ ಗುಣವೇ ಅದು. ಚಟವನ್ನೂ ಹಿಡಿಸುತ್ತಿತ್ತು.

ಫ್ರೀಮನ್ ಎಂಬ ಪ್ರತಿಸ್ಪರ್ಧಿ ತಾನೇ ಮೊದಲು ಕಂಡುಹಿಡಿದವನು ಎಂದ. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 1864ರಲ್ಲಿ ನ್ಯಾಯಾಧೀಶ ಪೇಜ್ ವುಡ್, ಕಂಡುಹಿಡಿದವನು ಬ್ರೌನನೇ, ಫ್ರೀಮನ್ನನ ಕಥೆ ಬೇಕೆಂದೇ ಹೇಳಿದ ಸುಳ್ಳು ಎಂದರು. ಬ್ರೌನನ ಕಡೆಯವರು ಆ ಮಾತನ್ನೇ ಎತ್ತಿಕೊಂಡು ದಶಕಗಳ ಕಾಲ ಜಾಹೀರಾತಿನಲ್ಲಿ ಹಾಕಿದರು. ಔಷಧ ಒಳ್ಳೆಯದು ಎಂದು ನ್ಯಾಯಾಧೀಶರು ಹೇಳಿರಲಿಲ್ಲ, ಯಾರದು ಎಂದಷ್ಟೇ ಹೇಳಿದ್ದರು. ಓದುಗನಿಗೆ ಮಾತ್ರ ನ್ಯಾಯಾಲಯವೇ ಮೆಚ್ಚಿದ ಔಷಧದಂತೆ ಕಾಣುತ್ತಿತ್ತು.

ಥೇಮ್ಸ್ ದಂಡೆ
ತಡವಾಗಿ ಬಂದೆ. ನಾನಿರುವುದು ಲಂಡನ್ನಿನ ಪಶ್ಚಿಮಕ್ಕೆ. ಎಗಮ್ ಎಂಬ ಊರಿನ ಬಳಿ ಕೆಂಪು ಇಟ್ಟಿಗೆಯ ಅರಮನೆಯಂಥ ಕಟ್ಟಡವಿದೆ, ರಾಯಲ್ ಹಾಲೋವೇ ಕಾಲೇಜು. ಫ್ರಾನ್ಸಿನ ಶಾಂಬೋರ್ ಅರಮನೆಯ ಮಾದರಿಯಲ್ಲಿ ಕಟ್ಟಿದ್ದು. ಗೋಪುರ, ಚಿಮಣಿಗಳ ಸಾಲು, ಅಂಗಳದ ನಡುವೆ ಥಾಮಸ್ ಹಾಲೋವೇ ಮತ್ತು ಹೆಂಡತಿ ಜೇನ್ ಇಬ್ಬರ ಪ್ರತಿಮೆ. ಅಷ್ಟೂ ಗುಳಿಗೆ ಮತ್ತು ಮುಲಾಮಿನ ದುಡ್ಡು!

ಹಾಲೋವೇ ಮೊದಲ ಜಾಹೀರಾತು ಕೊಟ್ಟದ್ದು 1837ರ ಅಕ್ಟೋಬರ್‌ನಲ್ಲಿ, ವಿಕ್ಟೋರಿಯಾ ಪಟ್ಟಕ್ಕೆ ಬಂದ ವರ್ಷವೇ. ಜಾಹೀರಾತಿನ ಸಾಲ ತೀರಿಸಲಾಗದೆ ಸಾಲಗಾರರ ಸೆರೆಮನೆಯನ್ನೂ ಕಂಡವನು. ಹೊರಬಂದು ಮತ್ತೆ ಜಾಹೀರಾತಿಗೇ ಸುರಿದ. ಹಲವು ಭಾಷೆಗಳಲ್ಲಿ, ಬ್ರಿಟಿಷರು ಕಾಲಿಟ್ಟ ಕಡೆಯೆಲ್ಲ ಅವನ ಹೆಸರು. ಆಲ್ಡ್‌ಬರೋದ ಅರ್ಲ್ ಎಂಬ ಪ್ರಭು ಇಟಲಿಯಿಂದ 1845ರಲ್ಲಿ ಬರೆದ ಮೆಚ್ಚುಗೆಯ ಪತ್ರವನ್ನು ವರ್ಷಗಟ್ಟಲೆ ಅಚ್ಚು ಹಾಕಿಸಿದ. ಕೊನೆಯ ವರ್ಷಗಳಲ್ಲಿ ಜಾಹೀರಾತಿಗೆ ವರ್ಷಕ್ಕೆ ಸುಮಾರು 50,000 ಪೌಂಡ್.

ಮಕ್ಕಳಿರಲಿಲ್ಲ. ಹೆಣ್ಣುಮಕ್ಕಳ ಉನ್ನತ ಶಿಕ್ಷಣಕ್ಕೆ ಈ ಕಾಲೇಜು, ಹತ್ತಿರದ ವರ್ಜೀನಿಯಾ ವಾಟರ್‌ನಲ್ಲಿ ಮನೋರೋಗಿಗಳಿಗೆ ಆಸ್ಪತ್ರೆ. ಕಾಲೇಜನ್ನು 1886ರಲ್ಲಿ ವಿಕ್ಟೋರಿಯಾ ರಾಣಿಯೇ ಉದ್ಘಾಟಿಸಿದಳು, ಹಾಲೋವೇ 1883ರ ಕೊನೆಯಲ್ಲೇ ತೀರಿಕೊಂಡಿದ್ದ. ಇಂಗ್ಲೆಂಡಿನಲ್ಲಿ ಹೆಣ್ಣು ಪದವಿ ಪಡೆಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರಿಗಾಗಿಯೇ ಇಷ್ಟು ದೊಡ್ಡ ವಿದ್ಯಾಲಯ! ಆದ್ದರಿಂದ ಈತನನ್ನು ಬರೀ ಕಳ್ಳ ಎಂದು ಬರೆದು ಮುಗಿಸಲು ನನ್ನಿಂದಾಗದು.

ತೊಟ್ಟಿಲು
ನನ್ನಿಂದಾಗುತ್ತದೆ. ಬಡವರ ಜೇಬಿನಿಂದ ಪೆನ್ನಿ ಪೆನ್ನಿಯಾಗಿ ಎತ್ತಿದ ಹಣವದು. ಆ ಬಡವರ ಹೆಣ್ಣುಮಕ್ಕಳು ಆ ಕಾಲೇಜಿನ ಮೆಟ್ಟಿಲು ಹತ್ತಿದರೇ?

ಥೇಮ್ಸ್ ದಂಡೆ
ಹತ್ತಲಿಲ್ಲ, ಮೊದಲಿಗೆ ಬಂದವರು ಮಧ್ಯಮವರ್ಗದವರು. ಆದರೂ ಆ ಬಾಗಿಲು ತೆರೆದದ್ದು ಸಣ್ಣದಲ್ಲ ಎಂಬ ನನ್ನ ಮಾತು ಹಾಗೇ ಇರಲಿ. ಬೀಚಮ್ ಮನೆತನದಿಂದಲೂ ಹೀಗೇ ಸಂಗೀತ ಬಂತು. ಸೇಂಟ್ ಹೆಲೆನ್ಸ್‌ನಲ್ಲಿ ಕಾರ್ಖಾನೆ ಕಟ್ಟಿದ ಥಾಮಸ್ ಬೀಚಮ್ ಬಾಲ್ಯದಲ್ಲಿ ಕುರಿ ಕಾಯುತ್ತಿದ್ದವನು. ಅದೇ ಹೆಸರಿನ ಮೊಮ್ಮಗ ಹೆಸರಾಂತ ವಾದ್ಯಮೇಳ ನಿರ್ದೇಶಕ, 1932ರಲ್ಲಿ ಲಂಡನ್ ಫಿಲ್‌ಹಾರ್ಮಾನಿಕ್ ವಾದ್ಯಮೇಳವನ್ನು ಕಟ್ಟಿದವನು. ಕಂಪನಿ ಕೈಬದಲಾಗುತ್ತ, ವಿಲೀನಗೊಳ್ಳುತ್ತ 2000ದಲ್ಲಿ ಗ್ಲಾಕ್ಸೊಸ್ಮಿತ್‌ಕ್ಲೈನ್‌ನೊಳಗೆ ಸೇರಿತು.

ಮಲೆನಾಡ ಹುಡುಗಿ
ನಮ್ಮ ಮನೆಯ ಕಪಾಟಿನಲ್ಲೇ ವಿಕ್ಟೋರಿಯಾ ಕಾಲ ಕೂತಿದೆ ಎಂದು ಈಗ ಗೊತ್ತಾಯಿತು. ಅಪ್ಪ ನೀರಿಗೆ ಹಾಕಿ ಬುಸ್ಸೆನ್ನಿಸಿ ಕುಡಿಯುವ ಈನೋ ಆ ಕಾಲದ್ದೇ ಅಲ್ಲವೇ? ಅಜ್ಜಿ ಈಗಲೂ ಯಾರ ಮನೆಯ ಕೂಸು ಅತ್ತರೂ ಮೊದಲು ಕೇಳುವುದು ‘ಗ್ರೈಪ್ ವಾಟರ್ ಹಾಕಿದಿರಾ?’ ಎಂದು.

ಮಾತ್ರೆ ಅಂಗಡಿ
ಹೌದಮ್ಮ. ಜೇಮ್ಸ್ ಕ್ರಾಸ್ಲಿ ಈನೋ ನ್ಯೂಕ್ಯಾಸಲ್‌ನ ಔಷಧ ವ್ಯಾಪಾರಿ, ಬಂದರಿಗೆ ಬರುವ ನಾವಿಕರಿಗೆ ಹಣ್ಣುಪ್ಪು ಮಾರುತ್ತ ಬೆಳೆದವನು. ಆಮ್ಲ ತಗ್ಗಿಸುವ ಪುಡಿ ಅದು, ಆ ಕೆಲಸವನ್ನು ಈಗಲೂ ಮಾಡುತ್ತದೆ. ಹಳೆಯ ಜಾಹೀರಾತುಗಳಲ್ಲಿ ಜ್ವರ, ರಕ್ತದೋಷ ಎಲ್ಲವನ್ನೂ ಅದರ ತಲೆಗೆ ಕಟ್ಟಿದ್ದರು. ಗ್ರೈಪ್ ವಾಟರ್ 1851ರಲ್ಲಿ ನಾಟಿಂಗ್‌ಹ್ಯಾಮ್‌ನ ವಿಲಿಯಂ ವುಡ್‌ವರ್ಡ್ ತಯಾರಿಸಿದ್ದು. ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ, ಜೊತೆಗೆ ಆಗ ಮದ್ಯಸಾರವೂ ಇತ್ತು. ಬ್ರಿಟನ್ನಿನಲ್ಲಿ ಮದ್ಯಸಾರವನ್ನು ತೆಗೆದದ್ದು 1990ರ ದಶಕದಲ್ಲಿ.

ನಾಡಿ
ಅಜ್ಜಿಗೆ ನನ್ನ ಕಡೆಯಿಂದ ಒಂದು ಮಾತು ತಿಳಿಸಿ: ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲು ಸಾಕು. ಅದರ ಜೊತೆ ಗ್ರೈಪ್ ವಾಟರೂ ಬೇಡ, ಜೇನುತುಪ್ಪವೂ ಬೇಡ. ಅಳು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ವೈದ್ಯಮನೆ
ಬ್ರಿಟಿಷರ ಕಥೆ ಹೇಳುತ್ತ ಹೇಳುತ್ತ ಕೊನೆಗೆ ಎಲ್ಲರೂ ನಮ್ಮ ಮನೆಮದ್ದಿನ ಕಡೆಗೇ ಬರುತ್ತೀರಿ ಎಂದು ಗೊತ್ತಿತ್ತು. ನಮ್ಮದು ಮೂರು ತಲೆಮಾರಿನ ನಾಟಿ ವೈದ್ಯರ ಮನೆ. ಶುಂಠಿ, ಲೋಳೆಸರ ಎಂದು ಹಂಗಿಸಿದಿರಿ. ನಮ್ಮಲ್ಲಿ ಅವುಗಳಿಗೆ ಗೌರವವಿದೆ.

ಮಾತ್ರೆ ಅಂಗಡಿ
ಶುಂಠಿಯನ್ನು ನಾನು ಹಂಗಿಸಿಲ್ಲ, ದಯವಿಟ್ಟು ಮೇಲೆ ಓದಿ. ಶುಂಠಿಯನ್ನು ಶುಂಠಿ ಎಂದು ಹೇಳಿ ಕೊಟ್ಟರೆ ಯಾವ ತಕರಾರೂ ಇಲ್ಲ. ನಿಮ್ಮ ತಾತ ರೋಗಿಯ ನಾಡಿ ನೋಡಿ, ಊಟ ಕೇಳಿ, ಎದುರಿಗೇ ಅರೆದು ಕೊಡುತ್ತಿದ್ದರು. ಗುಣವಾಗದಿದ್ದರೆ ಮರುದಿನ ಅದೇ ಜಗಲಿಗೆ ಬಂದು ಕೇಳಬಹುದಿತ್ತು. ಒಳಗೇನಿದೆ ಎಂದು ಮುಚ್ಚಿಟ್ಟು, ಮುಖ ಕಾಣದ ಲಕ್ಷಾಂತರ ಜನರಿಗೆ ಒಂದೇ ಗುಳಿಗೆ ಎಲ್ಲ ರೋಗಕ್ಕೂ ಎಂದು ಮಾರುವುದೇ ಬೇರೆ.

ವೈದ್ಯಮನೆ
ಇದನ್ನು ಒಪ್ಪುತ್ತೇನೆ. ನಮ್ಮ ತಾತ ಸಕ್ಕರೆ ಕಾಯಿಲೆಗೆ ಗ್ಯಾರಂಟಿ ಎಂದು ಯಾವತ್ತೂ ಹೇಳಿದವರಲ್ಲ. ಈಗ ನಮ್ಮ ಸೊಪ್ಪಿನ ಹೆಸರಲ್ಲೇ ಹಾಗೆ ಬರೆದು ಮಾರುವವರನ್ನು ಕಂಡರೆ ನನಗೂ ರಕ್ತ ಕುದಿಯುತ್ತದೆ.

ನಿರ್ವಾಹಕರು
ಪದ್ಧತಿಗಳ ಜಗಳ ಇಲ್ಲಿಗೆ ಸಾಕು. ವಿಷಯಕ್ಕೆ ಬನ್ನಿ.

ಹಳೆಹಾಳೆ
ವಿಷಯಕ್ಕೇ ಬರುತ್ತೇನೆ. ನಿಮ್ಮೆಲ್ಲರ ಮಾತು ಓದಿದ ಮೇಲೆ ನನಗೆ ಹೊಳೆದದ್ದು: ಗುಳಿಗೆ ತಯಾರಿಸಿದವನು ಒಬ್ಬ, ಅದನ್ನು ಮನೆಮನೆಗೆ ಮುಟ್ಟಿಸಿದ್ದು ಪತ್ರಿಕೆ. 1890ರ ಆಸುಪಾಸಿನಲ್ಲಿ ಬೀಚಮ್ ಜಾಹೀರಾತಿಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ಪೌಂಡ್ ಸುರಿಯುತ್ತಿದ್ದರು. ಆ ಹಣ ತಿಂದ ಪತ್ರಿಕೆ ಬಾಯಿ ಬಿಡುವುದು ಹೇಗೆ? ನಾನು ತಿರುವುತ್ತಿರುವ ಸಂಚಿಕೆಗಳಲ್ಲಿ ಒಂದು ಪುಟದಲ್ಲಿ ಬಡ ಮಕ್ಕಳ ಸಾವಿನ ಬಗ್ಗೆ ಮರುಗುವ ಲೇಖನ, ಹಾಳೆ ತಿರುವಿದರೆ ಶಿಶುಗಳ ಸಿರಪ್. ಇದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದೆ.

ಕಪ್ಪುಕೋಟು
ಸರಿಯಾದ ಕಡೆ ಕೈ ಇಟ್ಟಿರಿ. ಅಮೆರಿಕದಲ್ಲಿ ಅದನ್ನು ಕರಾರುಪತ್ರದಲ್ಲೇ ಬರೆದುಕೊಂಡಿದ್ದರು. ‘ಹಾಲ್ಸ್ ಕಟಾರ್ ಕ್ಯೂರ್’ ಎಂಬ ಔಷಧ ಮಾರುತ್ತಿದ್ದ ಫ್ರಾಂಕ್ ಚೀನಿ ಪತ್ರಿಕೆಗಳೊಂದಿಗೆ ಮಾಡಿಕೊಳ್ಳುತ್ತಿದ್ದ ಜಾಹೀರಾತು ಒಪ್ಪಂದದಲ್ಲಿ ಒಂದು ಷರತ್ತು: ನಿಮ್ಮ ರಾಜ್ಯದಲ್ಲಿ ಪೇಟೆಂಟ್ ಔಷಧಕ್ಕೆ ಅಡ್ಡಿಯಾಗುವ ಕಾನೂನು ಬಂದರೆ ಈ ಒಪ್ಪಂದ ರದ್ದು. ಮಸೂದೆ ಬಂದಾಗ ಅದರ ವಿರುದ್ಧ ಸಂಪಾದಕೀಯ ಬರೆಯುವ ಕೆಲಸ ಪತ್ರಿಕೆಯವರ ಹೆಗಲಿಗೇ ಬಿತ್ತು. 1905ರಲ್ಲಿ ‘ಕಾಲಿಯರ್ಸ್’ ವಾರಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಲೇಖನಮಾಲೆ ಬರೆದು ಇದನ್ನೆಲ್ಲ ಬಯಲಿಗೆಳೆದರು. ಮರುವರ್ಷ ಅಲ್ಲಿ ಆಹಾರ ಮತ್ತು ಔಷಧ ಶುದ್ಧತೆಯ ಕಾಯ್ದೆ ಬಂತು. ಅಫೀಮು, ಮದ್ಯಸಾರ ಇದ್ದರೆ ಲೇಬಲ್ ಮೇಲೆ ಬರೆಯಲೇಬೇಕಾಯಿತು.

ಮಲೆನಾಡ ಹುಡುಗಿ
ಆ ಲೇಖನಮಾಲೆ ಬಂದ ವರ್ಷದ್ದೇ ಇನ್ನೊಂದು ಘಟನೆ. ಮ್ಯಾಸಚೂಸೆಟ್ಸ್‌ನ ಲಿನ್ ಊರಿನ ಲಿಡಿಯಾ ಪಿಂಕಮ್ ಹೆಂಗಸರ ಕಾಯಿಲೆಗಳಿಗೆಂದು ಔಷಧ ಮಾರುತ್ತಿದ್ದಳು. ಬಾಟಲಿಯ ಮೇಲೆ ಅವಳದೇ ಮುಖ. ‘ಶ್ರೀಮತಿ ಪಿಂಕಮ್‌ಗೆ ಬರೆಯಿರಿ’ ಎಂಬ ಜಾಹೀರಾತು ನೋಡಿ, ಗಂಡಸು ವೈದ್ಯರ ಮುಂದೆ ಹೇಳಿಕೊಳ್ಳಲಾಗದ ಸಂಕಟವನ್ನೆಲ್ಲ ಹೆಂಗಸರು ಪತ್ರದಲ್ಲಿ ಬರೆದು ಕಳಿಸುತ್ತಿದ್ದರು. ಅವಳು 1883ರಲ್ಲೇ ತೀರಿಕೊಂಡಿದ್ದಳು! ಉತ್ತರಗಳು ಹೋಗುತ್ತಲೇ ಇದ್ದವು. 1905ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆ ಅವಳ ಸಮಾಧಿಕಲ್ಲಿನ ಛಾಯಾಚಿತ್ರವನ್ನೇ ಅಚ್ಚು ಹಾಕಿತು. ಔಷಧದಲ್ಲಿ ಐದನೇ ಒಂದು ಭಾಗದಷ್ಟು ಮದ್ಯಸಾರವಿತ್ತು.

ಚೀಟಿಸಂಗ್ರಹ
ಎಲ್ಲ ಪತ್ರಿಕೆಗಳೂ ಸುಮ್ಮನಿದ್ದವು ಎಂದರೆ ತಪ್ಪಾಗುತ್ತದೆ. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಹಾರ್ನೆಸ್ ಎಂಬಾತ ಸೊಂಟಕ್ಕೆ ಕಟ್ಟುವ ‘ವಿದ್ಯುತ್ ಪಟ್ಟಿ’ ಮಾರುತ್ತಿದ್ದ. ನರದೌರ್ಬಲ್ಯ, ಬೆನ್ನುನೋವು, ಸಂಧಿವಾತ ಎಲ್ಲಕ್ಕೂ ಅದೇ. ಅವನ ಬಣ್ಣವನ್ನು 1893ರಲ್ಲಿ ಬಯಲು ಮಾಡಿದ್ದು ‘ಪಾಲ್ ಮಾಲ್ ಗೆಜೆಟ್’. ಎರಡು ವರ್ಷ ಮೊದಲು ಸ್ಮೋಕ್ ಬಾಲ್ ಜಾಹೀರಾತು ಹಾಕಿದ ಅದೇ ಪತ್ರಿಕೆ.

ಹಳೆಹಾಳೆ
ಒಂದೇ ಪತ್ರಿಕೆಯ ಎರಡು ಮುಖ! ಆದರೆ 1909ರ ಆ ವೈದ್ಯಕೀಯ ಸಂಘದ ಪುಸ್ತಕಕ್ಕೆ ಎಷ್ಟೋ ಪತ್ರಿಕೆಗಳು ದುಡ್ಡು ಕೊಟ್ಟರೂ ಜಾಹೀರಾತಿನ ಜಾಗ ಕೊಡಲಿಲ್ಲ.

ಕಪ್ಪುಕೋಟು
ಆ ಪುಸ್ತಕದ ಬಿಸಿಗೆ ಸಂಸತ್ತು 1912ರಲ್ಲಿ ಸಮಿತಿ ನೇಮಿಸಿತು. ವರದಿ ಹೊರಬಿದ್ದದ್ದು 1914ರ ಆಗಸ್ಟ್ 4ರಂದು, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದ ದಿನ. ಯಾರು ಓದುತ್ತಾರೆ? ಔಷಧದೊಳಗೆ ಏನಿದೆ ಎಂದು ಬಹಿರಂಗಪಡಿಸಲೇಬೇಕು ಎಂಬ ಕಾನೂನು ಅಲ್ಲಿ ಬಂದದ್ದು 1941ರಲ್ಲಿ. ಸ್ಟಾಂಪ್ ಸುಂಕ ಹೋದದ್ದೂ ಆಗಲೇ.

ಗಣಕಯ್ಯ
ನಮ್ಮ ದೇಶದಲ್ಲಿ? ಔಷಧದ ದುಡ್ಡಿಗೂ ಪತ್ರಿಕೆಗೂ ಇಲ್ಲೂ ನಂಟಿತ್ತೇ?

ಮಾತ್ರೆ ಅಂಗಡಿ
ಇತ್ತು, ಆದರೆ ಒಳ್ಳೆಯ ರೀತಿಯದೂ ಒಂದಿದೆ. ಕಾಶೀನಾಥುನಿ ನಾಗೇಶ್ವರರಾವ್ 1893ರಲ್ಲಿ ಮುಂಬೈಯಲ್ಲಿ ಅಮೃತಾಂಜನ ಆರಂಭಿಸಿ, ಆ ಗಳಿಕೆಯಿಂದ 1908ರಲ್ಲಿ ‘ಆಂಧ್ರ ಪತ್ರಿಕಾ’ ಹೊರಡಿಸಿದರು. ಸ್ವಾತಂತ್ರ್ಯ ಹೋರಾಟದ ದನಿಯಾಗಿತ್ತು ಅದು.

ಸಹ್ಯಾದ್ರಿ
ನನ್ನದೊಂದು ಈಗಿನ ಪ್ರಶ್ನೆ. ನಮ್ಮೂರಿಗೆ ಬರುವ ಒಂದು ಪತ್ರಿಕೆಯೊಳಗೆ ವಾರಕ್ಕೊಮ್ಮೆ ಕರಪತ್ರ ಇರುತ್ತದೆ: ಸಕ್ಕರೆ ಕಾಯಿಲೆ ಬೇರುಸಹಿತ ವಾಸಿ, ಇನ್ಸುಲಿನ್ ಬಿಡಿ. ನನ್ನ ಚಿಕ್ಕಪ್ಪ ಅದನ್ನು ನಂಬಿ ಇನ್ಸುಲಿನ್ ನಿಲ್ಲಿಸಿ ಆಸ್ಪತ್ರೆ ಸೇರಿದರು. ಕಾಲಿನ ಬೆರಳು ಹೋಯಿತು. ಇದಕ್ಕೆ ಕಾನೂನಿಲ್ಲವೇ?

ಕಪ್ಪುಕೋಟು
ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ. ಅದರ ಅನುಸೂಚಿಯಲ್ಲಿ 54 ಕಾಯಿಲೆಗಳಿವೆ. ಮಧುಮೇಹ, ಕ್ಯಾನ್ಸರ್, ಅಪಸ್ಮಾರ, ಕುರುಡು ಎಲ್ಲವೂ ಸೇರಿವೆ. ಇವನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ, ಔಷಧ ಯಾವ ಪದ್ಧತಿಯದಾದರೂ ಸರಿ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ. ಇಲ್ಲಿ ಹಳೆಹಾಳೆ ಅವರು ಗಮನಿಸಬೇಕಾದದ್ದು: ಜಾಹೀರಾತಿನ ಪ್ರಕಟಣೆಯಲ್ಲಿ ಪಾಲ್ಗೊಂಡವರೆಲ್ಲ ಇದರೊಳಗೆ ಬರುತ್ತಾರೆ, ಅಚ್ಚು ಹಾಕಿದವರೂ ಸೇರಿ.

ತೊಟ್ಟಿಲು
ಚಿಕ್ಕಪ್ಪ ಈಗ ಹೇಗಿದ್ದಾರೆ? ಇನ್ನೊಂದು ಕಾಲನ್ನು ದಿನವೂ ನೋಡಿಕೊಳ್ಳಲು ಹೇಳಿ. ಬರಿಗಾಲಲ್ಲಿ ನಡೆಯುವುದು ಬೇಡ, ಸಣ್ಣ ಗಾಯವಾದರೂ ಅಂದೇ ತೋರಿಸಲಿ.

ಸಹ್ಯಾದ್ರಿ
ಮನೆಗೆ ಬಂದಿದ್ದಾರೆ ಮೇಡಂ, ಇನ್ಸುಲಿನ್ ಮತ್ತೆ ಶುರುವಾಗಿದೆ. ಆ ಕರಪತ್ರಗಳು ಮಾತ್ರ ನಿಂತಿಲ್ಲ. ದೂರು ಕೊಡುವುದು ಎಲ್ಲಿಗೆ?

ಮಾತ್ರೆ ಅಂಗಡಿ
ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತವಾಗಿ ಕೊಡಿ. ಕರಪತ್ರವನ್ನು ಹರಿಯಬೇಡಿ. ಯಾವ ದಿನ, ಯಾವ ಪತ್ರಿಕೆಯೊಳಗೆ ಬಂತು ಎಂದು ಅದರ ಮೇಲೆಯೇ ಬರೆದಿಡಿ, ಮುದ್ರಕರ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ ಇದೆಯೇ ನೋಡಿ. ಚಿಕ್ಕಪ್ಪ ಕೊಂಡ ಬಾಟಲಿ ಇದ್ದರೆ ಎಸೆಯಬೇಡಿ. ಲೇಬಲ್ಲಿನ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಎರಡೂ ದೂರಿನಲ್ಲಿ ಇರಲಿ. ಪರವಾನಗಿ ಸಂಖ್ಯೆಯೇ ಇಲ್ಲದಿದ್ದರೆ ಅದನ್ನೂ ಬರೆಯಿರಿ, ಅದೇ ಇನ್ನೊಂದು ಅಪರಾಧ. ಆಸ್ಪತ್ರೆಯ ಬಿಡುಗಡೆ ಪತ್ರದ ನಕಲು ಜೊತೆಗಿಡಿ. ಕರಡು ಬರೆದು ಇಲ್ಲಿ ಹಾಕಿದರೆ ನಾನೂ ಕಪ್ಪುಕೋಟು ಅವರೂ ತಿದ್ದಿಕೊಡುತ್ತೇವೆ.